ನನ್ನ ಪಾಳೆ ಬಂತು

ನನಗೆ ಎರಡು ಹುಟ್ಟುಹಬ್ಬ. ಒಂದು ಜೂನ್ 1, ಅದು ಶಾಲೆಯ ಮಾಸ್ತರರು ಕೊಟ್ಟದ್ದು. ಇನ್ನೊಂದು ನಾಗರಪಂಚಮಿಯ ಮಾರನೇ ದಿನ, ಅದು ಅವ್ವ ಕೊಟ್ಟದ್ದು. ಇಲ್ಲಿ ಕೂತವರಲ್ಲಿ ಜೂನ್ 1ರವರು ಎಷ್ಟು ಜನ? ಸ್ವಲ್ಪ ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಅರ್ಧ ಸಭೆ! ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. "ಪಂಚಮಿ ಮಾರನೇ ದಿನ ಹುಟ್ಯಾಳ್ರೀ" ಅಂದರೆ ಮಾಸ್ತರರು ಏನು ಮಾಡಬೇಕು? ಶಾಲೆ ಶುರುವಾಗೋದು ಜೂನ್‌ನಲ್ಲಿ. ವಯಸ್ಸು ಸರಿ ಹೋಗುವ ಹಾಗೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅದಕ್ಕೇ ಮೇ 31 ಬಂತು ಅಂದರೆ ನಮ್ಮ ಕಡೆ ಎಲ್ಲ ಕಚೇರಿಗಳಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ. ತಿಂಗಳ ಮೊದಲನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗಬೇಕು ಅನ್ನೋದು ನಿಯಮ. ನಾನೂ ಹಾಗೇ 2025ರ ಮೇ 31ಕ್ಕೆ, ಒಂದು ಶನಿವಾರ, ಧಾರವಾಡದ ಒಂದು ಅಂಚೆ ಕಚೇರಿಯ ಕೌಂಟರಿನಿಂದ ಎದ್ದು ಬಂದೆ. ಒಟ್ಟು 37 ವರ್ಷದ ಕೆಲಸ.

ಅಂಚೆ ಕಚೇರಿಯಲ್ಲಿ ಬೆಳಗ್ಗೆ ಮೊದಲು ಮಾಡೋ ಕೆಲಸ ಏನು ಗೊತ್ತಾ? ಶಿಕ್ಕಾದ ತಾರೀಖು ಬದಲಾಯಿಸೋದು. ಅದರಲ್ಲಿ ಸಣ್ಣ ಸಣ್ಣ ಅಚ್ಚು ಇರುತ್ತವೆ. ನಿನ್ನೆಯದನ್ನು ತೆಗೆದು ಇವತ್ತಿನದನ್ನು ಕೂರಿಸಬೇಕು. ಒಂದು ಪುಸ್ತಕದಲ್ಲಿ ಒತ್ತಿ, ತಾರೀಖು ಸರಿ ಬಿತ್ತಾ ಅಂತ ನೋಡಬೇಕು. ಆಮೇಲೇ ಬಾಗಿಲು. ಬಾಗಿಲು ತೆಗೆಯೋ ಹೊತ್ತಿಗೆ ಹೊರಗೆ ಪಾಳೆ ನಿಂತಿರುತ್ತಿತ್ತು. ಮೈಸೂರು ಕಡೆಯವರು ಯಾರಾದರೂ ಇದ್ದರೆ ಹೇಳುತ್ತೇನೆ, ಪಾಳೆ ಅಂದರೆ ನೀವು ಸರದಿ ಅಥವಾ ಕ್ಯೂ ಅನ್ನೋದು. "ಪಾಳೆ ಪ್ರಕಾರ ಬರ್ರಿ" ಅನ್ನೋದನ್ನು ನಾನು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ನಿದ್ದೆಯಲ್ಲೂ ಅನ್ನುತ್ತಿದ್ದೆನಂತೆ. ಇದು ನಮ್ಮವರ ದೂರು.

ಈ ಕಾರ್ಯಕ್ರಮದವರು ಬಂದು "ಅರವತ್ತರ ನಂತರದ ಸಣ್ಣ ಸಣ್ಣ ಖುಷಿಗಳು, ಇದರ ಮೇಲೆ ಮಾತಾಡಿ" ಅಂದಾಗ ಒಪ್ಪಿಕೊಂಡೆ. ರಾತ್ರಿ ಮಲಗಿದಾಗ ಅನುಮಾನ ಶುರುವಾಯಿತು. ಅಲ್ಲ, ಮೂವತ್ತರವರಿಗೆ ಯಾರಾದರೂ ಸಣ್ಣದರಲ್ಲಿ ಖುಷಿ ಪಡಿ ಅಂತಾರಾ? ಅವರಿಗೆ ಮನೆ ಕಟ್ಟಿಸಿ, ಕಾರು ತಗೊಳ್ಳಿ, ಫಾರಿನ್ ಹೋಗಿ ಅಂತಾರೆ. ವಯಸ್ಸಾದವರಿಗೆ ಮಾತ್ರ ಹೂವು ನೋಡಿ, ಹಕ್ಕಿ ನೋಡಿ ಅನ್ನೋದು. ಅದರಲ್ಲಿ "ದೊಡ್ಡದೇನೂ ಕೇಳಬೇಡಿ, ಸುಮ್ನೆ ಒಂದು ಮೂಲೆಯಲ್ಲಿರಿ" ಅನ್ನೋ ಮಾತೂ ಸೇರಿರುತ್ತದೆ ಅಂತ ನನಗೆ ಅನಿಸುತ್ತದೆ. ನೀವು ಒಪ್ಪದೇ ಇರಬಹುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಣ್ಣ ಖುಷಿಗಳೆಲ್ಲ ಪಿಂಚಣಿಯ ಮೇಲೆ ನಿಂತಿವೆ. ತಿಂಗಳು ಮುಗಿದರೆ ಬ್ಯಾಂಕಿಗೆ ದುಡ್ಡು ಬೀಳುತ್ತದೆ. 2004ಕ್ಕೆ ಮೊದಲು ಕೆಲಸಕ್ಕೆ ಸೇರಿದವಳಾದ್ದರಿಂದ ಹಳೇ ಪಿಂಚಣಿ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುವವರ ಮುಂದೆ ನಿಂತು "ಪಾರಿಜಾತದ ಹೂವು ನೋಡಿ ಖುಷಿಪಡಿ" ಅನ್ನೋ ಧೈರ್ಯ ನನಗಿಲ್ಲ.

ಆದರೆ ಇಲ್ಲೇ ಒಬ್ಬ ಅಜ್ಜಿ ನೆನಪಾಗುತ್ತಾಳೆ. ಆಗ ಇಂಥ ಪಿಂಚಣಿ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಮನೆಗೆ ಒಯ್ದು ಕೊಡುತ್ತಿದ್ದರು. ದುಡ್ಡು ಕೈಗೆ ಬಂದ ಮಾರನೇ ದಿನ ಆ ಅಜ್ಜಿ ನನ್ನ ಕೌಂಟರಿಗೆ ಬರೋಳು. ಒಂದು ರೂಪಾಯಿ ಇಟ್ಟು ಎರಡು ಪೋಸ್ಟ್‌ ಕಾರ್ಡ್ ತಗೊಳ್ಳೋಳು. ಕಾರ್ಡಿಗೆ 50 ಪೈಸೆ, ಈಗಲೂ ಅಷ್ಟೇ. ಓದು ಬರಹ ಬರದ ಹೆಂಗಸು. ಯಾರ ಕೈಯಲ್ಲೋ ಬರೆಸಿಕೊಂಡು ಬಂದು, ಡಬ್ಬಿಗೆ ಹಾಕದೇ ನನ್ನ ಕೈಗೇ ಕೊಡೋಳು. "ನನ್ನ ಮುಂದನ ಶಿಕ್ಕಾ ಹೊಡಿ" ಅನ್ನೋಳು. ನಾನು ಹೊಡೆಯಬೇಕು, ಅವಳು ಆ ಸದ್ದು ಕೇಳಬೇಕು. ಹಿಂದೆ ಪಾಳೆಯಲ್ಲಿ ನಿಂತವರು ಗೊಣಗುತ್ತಿದ್ದರು. ನನಗೂ ಕೆಲವು ಸಲ ಸಿಟ್ಟು ಬಂದದ್ದುಂಟು. ಈಗ ಅನಿಸುತ್ತದೆ, ಆ ಅಜ್ಜಿಗೆ ಇವತ್ತಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳನ್ನೇ ಕರೆಸಬೇಕಿತ್ತು ನೀವು.

ಅರವತ್ತೇ ಯಾಕೆ ಅಷ್ಟು ದೊಡ್ಡದು? ನಮ್ಮ ಸಂವತ್ಸರಗಳು ಅರವತ್ತು. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು, ಮತ್ತೆ ಪ್ರಭವ. ನಾನು ಹುಟ್ಟಿದ್ದು ವಿಶ್ವಾವಸು, ಸಾಲಿನಲ್ಲಿ 39ನೆಯದು. 2025ರ ಯುಗಾದಿಗೆ ಅದೇ ವಿಶ್ವಾವಸು ತಿರುಗಿ ಬಂತು. ಆಕಾಶದಲ್ಲೂ ಇದಕ್ಕೊಂದು ಲೆಕ್ಕ ಇದೆ. ಗುರು ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕೋಕೆ ಸುಮಾರು 12 ವರ್ಷ, ಶನಿಗೆ ಸುಮಾರು 30. ಅಂದರೆ ಅರವತ್ತಕ್ಕೆ ಗುರುವಿನದು ಐದು ಸುತ್ತು, ಶನಿಯದು ಎರಡು. ನೀವು ಹುಟ್ಟಿದಾಗ ಎಲ್ಲಿದ್ದರೋ ಹತ್ತಿರ ಹತ್ತಿರ ಅಲ್ಲಿಗೇ ಇಬ್ಬರೂ ಬಂದಿರುತ್ತಾರೆ. ಜಾತಕ ನಂಬದವರಿಗೂ ಇದು ಚೆಂದ ಅನಿಸಬೇಕು.

ಷಷ್ಟ್ಯಬ್ದಿ ಶಾಂತಿ ಮಾಡಿಸೋದೂ ಇದಕ್ಕೇ. ನಮ್ಮ ಮನೆಯಲ್ಲೂ ಆಯಿತು, 2021ರಲ್ಲಿ, ಕೋವಿಡ್ ವರ್ಷ. ನಮ್ಮವರಿಗೆ ಅರವತ್ತು. ಮನೆಯವರೇ ಎಂಟು ಜನ, ಎಲ್ಲರ ಮುಖಕ್ಕೂ ಮಾಸ್ಕು. ಅವರ ತಲೆ ಮೇಲೆ ಕಲಶದ ನೀರು ಹಾಕಿದರು, ಪಕ್ಕದಲ್ಲಿ ಕೂತ ನನ್ನ ಮೇಲೂ ಹಾಕಿದರು. ಮತ್ತೊಮ್ಮೆ ತಾಳಿ ಕಟ್ಟಿಸಿದರು. ಎಲ್ಲ ಚೆನ್ನಾಗೇ ಆಯಿತು. ಈ ವರ್ಷ ನನಗೆ ಅರವತ್ತಾದಾಗ ಮಗ ಫೋನಿನಲ್ಲಿ ಕೇಳಿದ: "ಅವ್ವಾ, ನಿಂಗೇನು ಮಾಡಸೂದು?" ಗೊತ್ತಿದ್ದ ಆಚಾರ್ಯರನ್ನು ವಿಚಾರಿಸಿದೆವು. "ಯಜಮಾನರದು ಆಗೇದಲ್ಲ, ಅದರಾಗ ನಿಮ್ಮದೂ ಬಂತು" ಅಂದರು. ಅಂದರೆ ನನ್ನ ಅರವತ್ತು ನನಗೆ 56 ಇದ್ದಾಗಲೇ ಮುಗಿದಿತ್ತು! ಅವತ್ತು ಬಹಳ ನಕ್ಕೆವು. ನಕ್ಕಾದ ಮೇಲೆ ಸ್ವಲ್ಪ ಹೊತ್ತು ನಾನು ಸುಮ್ನೆ ಕೂತಿದ್ದೆ, ಅದೂ ನಿಜ.

ನಿವೃತ್ತಿಯ ಮೊದಲ ತಿಂಗಳು ಖುಷಿ ಗಿಷಿ ಏನೂ ಇರಲಿಲ್ಲ. ಐದೂವರೆಗೆ ಎಚ್ಚರ ಆಗುತ್ತಿತ್ತು. ಎಂಟಕ್ಕೆ ಡಬ್ಬಿ ಕಟ್ಟಿ ಮುಗಿದಿರುತ್ತಿತ್ತು. ಒಂದು ದಿನ ನಿಜವಾಗಿಯೂ ಡಬ್ಬಿ ಕಟ್ಟಿ, ಚಪ್ಪಲಿ ಮೆಟ್ಟಿ, ಗೇಟಿನ ತನಕ ಹೋಗಿಬಿಟ್ಟಿದ್ದೆ. ವಾಪಸ್ ಬಂದು ಅದೇ ಡಬ್ಬಿ ಬಿಚ್ಚಿ ಮಧ್ಯಾಹ್ನ ಅಡುಗೆಮನೆಯಲ್ಲೇ ಊಟ ಮಾಡಿದೆ. ನನ್ನ ಜೊತೆ ಕೆಲಸ ಮಾಡಿದ ಹುಡುಗಿಗೆ ಫೋನ್ ಮಾಡಿ ಅದು ಹೇಗಿದೆ ಇದು ಹೇಗಿದೆ ಅಂತ ಕೇಳೋದು. ಪಾಪ, ಅವಳ ಮುಂದೆ ಪಾಳೆ ಇರುತ್ತಿತ್ತು. ಸೆಪ್ಟೆಂಬರ್ 1ಕ್ಕೆ ರಿಜಿಸ್ಟರ್ಡ್ ಪೋಸ್ಟ್ ಅನ್ನೋದೇ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು. ನಾನು ಬಂದ ಮೂರೇ ತಿಂಗಳಿಗೆ! ನನಗೋಸ್ಕರ ಕಾದಿತ್ತೇನೋ ಅನ್ನೋ ಹಾಗೆ ಒಂದು ಗಳಿಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಖುಷಿಯ ವಿಷಯಕ್ಕೆ ಬರುತ್ತೇನೆ. ರೊಟ್ಟಿಯಿಂದ ಶುರು ಮಾಡೋಣ.

ಜೋಳದ ರೊಟ್ಟಿ ಬಡಿದು ಗೊತ್ತಿರುವ ಹೆಂಗಸರಿಗೆ ನಾನೇನೂ ಹೇಳಬೇಕಿಲ್ಲ. ಗಂಡಸರಿಗಾಗಿ ಹೇಳುತ್ತೇನೆ. ಎಸರಿನ ನೀರು ಹಾಕಿ ಹಿಟ್ಟು ನಾದಬೇಕು. ಬಡಿಯಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ತಿರುವಿ ಹಾಕಿ, ಆಮೇಲೆ ಉರಿಗೆ ಹಿಡಿದರೆ ಅದು ಉಬ್ಬುತ್ತದೆ. ಉಬ್ಬಿದ ರೊಟ್ಟಿಯ ಮೇಲಿನ ಪದರ ಬಿಡಿಸಿದರೆ ಒಳಗಿಂದ ಹಬೆ ಬರುತ್ತದೆ ನೋಡಿ, ಅಲ್ಲಿಗೆ ಬೆಣ್ಣೆ ಇಟ್ಟು, ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗಿಡೋದು. ಒಂದು ನಿಮಿಷದ ಮಾತು ಅದು. ಒಂದು ನಿಮಿಷ ತಡವಾದರೆ ಆ ರೊಟ್ಟಿ ಬೇರೆ, ಈ ರೊಟ್ಟಿ ಬೇರೆ. ಮದುವೆಯಾಗಿ 34 ವರ್ಷದಲ್ಲಿ ನಾನು ಎಷ್ಟು ಸಾವಿರ ರೊಟ್ಟಿ ಬಡಿದಿರಬಹುದು, ಲೆಕ್ಕವಿಲ್ಲ. ಆ ಒಂದು ನಿಮಿಷದ ರೊಟ್ಟಿ ನನ್ನ ಬಾಯಿಗೆ ಬಂದದ್ದು ಕಡಿಮೆ. ಮೊದಲನೆಯದು ಮಾವನವರಿಗೆ, ಆಮೇಲೆ ಇವರಿಗೆ, ಮಕ್ಕಳಿಗೆ. ಹಂಚು ಆರಿದ ಮೇಲೆ ನಾನು ಕೂರೋದು. ಯಾರೂ ನನ್ನನ್ನು ತಡೆದಿರಲಿಲ್ಲ, ಅದನ್ನೂ ಹೇಳಬೇಕು. ನಾನೇ ನನ್ನನ್ನು ಪಾಳೆಯ ಕೊನೆಗೆ ನಿಲ್ಲಿಸಿಕೊಂಡಿದ್ದೆ.

ಜೂನ್ ಕೊನೆಗೆ ಒಂದು ದಿನ ಇವರು ಅಡುಗೆಮನೆಗೆ ಬಂದು ನಿಂತರು. ಮಳೆ ಹಿಡಿದಿತ್ತು, ವಾಕಿಂಗ್ ಹೋಗೋಕಾಗಿರಲಿಲ್ಲ, ಬೇಸರ ಬಂದಿತ್ತು ಅಷ್ಟೇ. ದೊಡ್ಡ ಪ್ರೇಮ ಗೀಮ ಅಂದುಕೊಳ್ಳಬೇಡಿ! "ಸುಮ್ನೆ ನಿಂತೀರಲ್ಲ, ಇದನ್ನ ತಿರುವಿ ಹಾಕ್ರಿ" ಅಂದೆ. ಹಾಕಿದರು. ರೊಟ್ಟಿ ಉಬ್ಬಿತು. ಇವರು ಚಿಕ್ಕ ಹುಡುಗನ ಹಾಗೆ "ಉಬ್ಬಿತು, ಉಬ್ಬಿತು" ಅಂದರು. ಯಾಕೋ ಏನೋ, ಆ ರೊಟ್ಟಿಯನ್ನು ನಾನು ಡಬ್ಬಿಗೆ ಹಾಕಲಿಲ್ಲ. ಹಿಟ್ಟಿನ ಕೈಯಲ್ಲೇ ಮುರಿದು, ಕಟ್ಟೆ ಹತ್ತಿರ ನಿಂತೇ ತಿಂದೆ. ನಾಲಿಗೆ ಸುಟ್ಟಿತು.

ಅವತ್ತಿನಿಂದ ಅದೇ ಪದ್ಧತಿ. ನಾನು ಬಡಿಯೋದು, ಇವರು ಹಂಚಿನ ಮುಂದೆ. ಮೊದಲನೇ ರೊಟ್ಟಿ ನನಗೆ, ಎರಡನೆಯದು ಅವರಿಗೆ, ಅಲ್ಲೇ ನಿಂತುಕೊಂಡು. ತಾಟು ಇಲ್ಲ, ಕೂರೋದಿಲ್ಲ. ಬಡಿಯೋದನ್ನೂ ಕಲಿಯುತ್ತೇನೆ ಅಂದಿದ್ದಾರೆ. ಅದು ಯಾವಾಗಲೋ.

ಇದಕ್ಕೆ ಅರವತ್ತು ಆಗಬೇಕಿತ್ತಾ? ಇಲ್ಲ. ನಲವತ್ತಕ್ಕೂ ಆಗಬಹುದಿತ್ತು. ನಿಮ್ಮಲ್ಲಿ ನಲವತ್ತರವರಿದ್ದರೆ ನಾಳೆ ಬೆಳಗ್ಗೆಯೇ ಮೊದಲನೇ ರೊಟ್ಟಿ ತಿಂದುಬಿಡಿ. ದೋಸೆಯಾದರೂ ನಡೆಯುತ್ತದೆ.

ಪೇಪರಿನದೂ ಇದೇ ಕತೆ, ಬೇಗ ಹೇಳಿ ಮುಗಿಸುತ್ತೇನೆ. ನನ್ನ ಕೈಗೆ ಪೇಪರ್ ಬರುತ್ತಿದ್ದದ್ದು ರಾತ್ರಿ. ಅಷ್ಟೊತ್ತಿಗೆ ಪದಬಂಧ ತುಂಬಿಹೋಗಿರುತ್ತಿತ್ತು, ಅದೂ ತಪ್ಪು ತಪ್ಪಾಗಿ. ಈಗ ಬೆಳಗ್ಗೆ ಗೇಟಿಗೆ ಮೊದಲು ಹೋಗೋಳು ನಾನೇ.

ಕಣ್ಣಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಕು. ಕೆಲಸ ಬಿಡುವ ಎರಡು ವರ್ಷ ಮೊದಲಿಂದಲೇ ಮಂಜು ಮಂಜು ಕಾಣುತ್ತಿತ್ತು. ಪೊರೆ ಬಂದಿದೆ ಅಂದಿದ್ದರು. ರಜೆ ಸಿಗಲ್ಲ ಅಂತ ಮುಂದೆ ಹಾಕುತ್ತಾ ಬಂದೆ. ಜುಲೈ ಮೊದಲ ವಾರ ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದರು. ನಾನು ಮೊದಲು ನೋಡಿದ್ದು ಆಸ್ಪತ್ರೆಯ ಗೋಡೆ. ಎಷ್ಟು ಬೆಳ್ಳಗಿತ್ತು ಅಂದರೆ, ಈಗ ತಾನೇ ಸುಣ್ಣ ಹೊಡೆದರಾ ಅಂತ ಕೇಳಿದೆ. ನರ್ಸ್ ನಕ್ಕಳು. "ಈ ಕಣ್ಣು ಮುಚ್ಚಿ ಆ ಕಣ್ಣಲ್ಲಿ ನೋಡ್ರಿ" ಅಂದಳು. ಎಡಗಣ್ಣಲ್ಲಿ ನೋಡಿದರೆ ಅದೇ ಗೋಡೆ ಹಳೇ ಪೇಪರಿನ ಬಣ್ಣ. ಬಲಗಣ್ಣಲ್ಲಿ ಬಿಳಿ. ಎಡ, ಬಲ, ಎಡ, ಬಲ. ಎಷ್ಟೋ ಹೊತ್ತು ಅದನ್ನೇ ಮಾಡುತ್ತಾ ಕೂತಿದ್ದೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ವಯಸ್ಸಾದ ಹಾಗೆ ಕಣ್ಣಿನೊಳಗಿನ ಮಸೂರ ಮಂಕಾಗುವುದಷ್ಟೇ ಅಲ್ಲ, ಹಳದಿಗೂ ತಿರುಗುತ್ತದೆ. ಹಳದಿ ಗಾಜಿನ ಹಾಗೆ ನೀಲಿ ಬೆಳಕನ್ನು ತಡೆಯುತ್ತದೆ. ಅದು ನಿಧಾನ ಆಗೋದರಿಂದ ನಮಗೆ ಗೊತ್ತೇ ಆಗೋದಿಲ್ಲ. ಫ್ರಾನ್ಸಿನ ಚಿತ್ರಕಾರ ಮೋನೆ ಗೊತ್ತಲ್ಲ, ಕೊಳದ ನೈದಿಲೆಗಳ ಚಿತ್ರ ಬರೆದವರು? ಅವರಿಗೂ ಇದೇ ಆಪರೇಷನ್ ಆಯಿತು, 1923ರಲ್ಲಿ, 82ನೇ ವಯಸ್ಸಿಗೆ, ಒಂದೇ ಕಣ್ಣಿಗೆ. ಬಣ್ಣವೇ ಬದುಕಾಗಿದ್ದವರಿಗೆ ಹಾಗಾದರೆ ಹೇಗಿದ್ದಿರಬಹುದು ಅಂತ ಯೋಚಿಸಿ.

ನನ್ನದು ಅಷ್ಟು ದೊಡ್ಡ ವಿಷಯವಲ್ಲ, ಒಂದು ಸೀರೆ. ಅವ್ವ ಕೊಟ್ಟ ಇಳಕಲ್ ಸೀರೆ. ಬಣ್ಣ ಹೋಗಿದೆ, ಯಾರಿಗಾದರೂ ಕೊಟ್ಟರಾಯಿತು ಅಂತ ಅದನ್ನು ಗಂಟು ಕಟ್ಟಿ ಇಟ್ಟಿದ್ದೆ. ಕಣ್ಣು ಬಂದ ಮೇಲೆ ಕಪಾಟು ತೆಗೆದರೆ ಗಂಟಿನಿಂದ ಒಂದು ಚುಂಗು ಹೊರಗೆ ಕಾಣುತ್ತಿತ್ತು. ನೀಲಿ! ಬಿಚ್ಚಿ ನೋಡಿದೆ. ಸೀರೆಯ ಬಣ್ಣ ಎಲ್ಲೂ ಹೋಗಿರಲಿಲ್ಲ. ಕೆಂಪು ರೇಷ್ಮೆ ಸೆರಗು, ಅದರ ಮೇಲೆ ಬಿಳಿ ತೆನಿ, ಒಡಲು ಗಾಢ ನೀಲಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನೆಳೆಗೂ ಸೆರಗಿನ ಹಾಸಿನೆಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಸಾಲು ಬರಿಗಣ್ಣಿಗೆ ಕಾಣುತ್ತಿತ್ತು. ಇನ್ನೇನು ಕೊಟ್ಟುಬಿಡುತ್ತಿದ್ದೆನಲ್ಲ ಅಂತ ನೆನೆಸಿಕೊಂಡು ಈಗಲೂ ಎದೆ ಧಸಕ್ ಅನ್ನುತ್ತದೆ. ನಿಮ್ಮಲ್ಲಿ ಯಾರಾದರೂ ಆಪರೇಷನ್ ಮುಂದೆ ಹಾಕುತ್ತಾ ಕೂತಿದ್ದರೆ, ದಯವಿಟ್ಟು ಹೋಗಿ ಬನ್ನಿ. ಅಲ್ಲಿಯವರೆಗೂ ಯಾವ ಸೀರೆಯನ್ನೂ ಯಾರಿಗೂ ಕೊಡಬೇಡಿ.

ಅದೇ ನೀಲಿ ಸೀರೆ ಉಟ್ಟುಕೊಂಡು ಪಂಚಮಿಗೆ ತವರಿಗೆ ಹೋದೆ. ಸವದತ್ತಿ ದಾರಿಯಲ್ಲಿದೆ ನಮ್ಮ ಊರು. ಬಸ್ಸಿನದೊಂದು ತಮಾಷೆ ಹೇಳಬೇಕು. ಅರವತ್ತು ಆದವರಿಗೆ ಸಾರಿಗೆ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ ಇದೆಯಲ್ಲ, ಇವರು ಅದರ ಕಾರ್ಡು ತೋರಿಸಿ ಹೆಮ್ಮೆಯಿಂದ ಟಿಕೆಟ್ ತಗೊಳ್ಳುತ್ತಾರೆ. ಪಕ್ಕದಲ್ಲಿ ನನಗೆ ಶೂನ್ಯದ ಚೀಟಿ. 2023ರ ಜೂನ್ 11ರಿಂದಲೇ ನಾವು ಹೆಂಗಸರು ಪುಕ್ಕಟೆ. ಅರವತ್ತಾಗೋ ತನಕ ಕಾದವರಿಗಿಂತ ನಾವೇ ಮುಂದೆ! ಕಿಟಕಿ ಸೀಟೂ ನನ್ನದೇ. ಆಗಷ್ಟೇ ಮಳೆ ನಿಂತಿತ್ತು. ಎರಿ ಹೊಲದ ಕಪ್ಪು ಮಣ್ಣು, ಅದರ ಮೇಲೆ ಹೆಸರಿನ ಹಸಿರು. ಬಲಗಣ್ಣಲ್ಲಿ ಒಂದು ಹಸಿರು, ಎಡಗಣ್ಣಲ್ಲಿ ಒಂದು ಹಸಿರು.

ಪಂಚಮಿಗೆ ನಮ್ಮ ಆಫೀಸಿಗೆ ರಜೆ ಇರಲಿಲ್ಲ. ಅಷ್ಟೇ ಅಲ್ಲ, ಪಂಚಮಿ ಆಗಿ ಹತ್ತು ದಿನಕ್ಕೆ ರಾಖಿ ಹುಣ್ಣಿಮೆ. ಊರ ತುಂಬ ಅಕ್ಕತಂಗಿಯರು ಲಕೋಟೆ ಹಿಡಿದು ಬಂದು ನಿಲ್ಲುತ್ತಿದ್ದರು. ಬೇರೆಯವರ ಅಣ್ಣತಮ್ಮಂದಿರಿಗೆ ರಾಖಿ ಮುಟ್ಟಿಸುತ್ತಾ ನನ್ನ ತಮ್ಮನ ಮನೆಗೆ ಹೋಗೋಕೆ ನನಗೆ ಆಗುತ್ತಿರಲಿಲ್ಲ. ಈ ಸಲ ರೊಟ್ಟಿ ಹಬ್ಬದ ದಿನವೇ ಹೋದೆ. ಪಂಚಮಿಯ ದಿನ ನಮ್ಮ ಮನೆಯಲ್ಲಿ ಒಲೆ ಮೇಲೆ ಹಂಚು ಇಡೋದಿಲ್ಲ. ಅದಕ್ಕೇ ಹಿಂದಿನ ದಿನವೇ ಕಡಕ್ ರೊಟ್ಟಿ ರಾಶಿ ಬೀಳುತ್ತದೆ. ಶೇಂಗಾದ ಉಂಡಿ, ಎಳ್ಳುಂಡಿ, ಅಳ್ಳು. ಓಣಿಯ ಮನೆಮನೆಗೂ ರೊಟ್ಟಿ ಹೋಗಬೇಕು, ಅವರ ಮನೆಯದು ಬರಬೇಕು.

ಅವ್ವನಿಗೆ ಈಗ 82. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ ಅಂತ ಮಾಡುತ್ತಾರಲ್ಲ, ಅದಕ್ಕೆ ಲೆಕ್ಕ ಹಾಕಿದರೆ 80 ವರ್ಷ 10 ತಿಂಗಳು ಬೇಕು. ಅವ್ವನದು ಆಗಿಹೋಗಿದೆ, ಯಾರೂ ಮಾಡಿಸಿಲ್ಲ. "ನಿಂದು ಸಾವಿರ ಹುಣ್ಣಿವಿ ಆಗ್ಯಾವ ಅವ್ವಾ" ಅಂದೆ. "ಯಾರು ಎಣಸ್ಯಾರ? ನಿಂದೆಷ್ಟ?" ಅಂತ ನನಗೇ ಕೇಳಿದಳು. ಅರವತ್ತು ವರ್ಷಕ್ಕೆ 742 ಆಗುತ್ತವೆ. ಅದರಲ್ಲಿ ನಿಂತು ನೋಡಿದ್ದು ಎಷ್ಟು ಅಂತ ಅವ್ವ ಕೇಳಲಿಲ್ಲ, ಪುಣ್ಯ. ಸೀರೆ ನೋಡಿ ಮಾತ್ರ ಅಂದಳು: "ಇದನ್ನ ಇನ್ನೂ ಇಟ್ಟೀಯೇನ? ನಾ ಯಾರಿಗರ ಕೊಟ್ಟಿರ್ತೀ ಅಂದಿದ್ನಿ." ನಾನು ಗಂಟಿನ ವಿಷಯ ಹೇಳಲಿಲ್ಲ.

ನನ್ನ ನಿಜವಾದ ಅರವತ್ತು ಪಂಚಮಿ ಮಾರನೇ ದಿನ, ಜುಲೈ 30. ಬೆಳಗ್ಗೆ ಅವ್ವ ತಲೆಗೆ ಎಣ್ಣೆ ಹಚ್ಚಿದಳು. ಕೈ ನಡುಗುತ್ತಿತ್ತು, ಎಣ್ಣೆ ಅರ್ಧ ಕುತ್ತಿಗೆಗೆ ಹೋಯಿತು. ಮಂತ್ರ ಇಲ್ಲ, ಕಲಶ ಇಲ್ಲ. ಆಚಾರ್ಯರು ಕೊಡದ ಶಾಂತಿ ಅಲ್ಲಿ ಆಗಿಹೋಯಿತು.

ಪಡಸಾಲೆಯ ತೊಲೆಗೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ನಾವು ಸಣ್ಣವರಿದ್ದಾಗ ಊರ ಮುಂದಿನ ಬೇವಿನ ಮರಕ್ಕೆ ಪುಂಡಿ ಹಗ್ಗದ ಜೋಕಾಲಿ ಇರುತ್ತಿತ್ತು. ಈಗ ನೈಲಾನ್ ಹಗ್ಗ, ಮೇಲೊಂದು ದಿಂಬು. ತಮ್ಮನ ಮೊಮ್ಮಕ್ಕಳು, ಓಣಿಯ ಮಕ್ಕಳು ಎಲ್ಲ ಸೇರಿ ಏಳೆಂಟು ಜನ ಅಲ್ಲಿದ್ದರು. ಅವರೇ ಒಂದು ಕಾನೂನು ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ಸಲ, ಎಣಿಸಿ. ನಾನು ಹೋಗಿ ಸಾಲಿನ ಕೊನೆಗೆ ನಿಂತೆ. ತಮ್ಮನ ಸೊಸೆ "ಅತ್ತೀ, ಮೊಣಕಾಲು" ಅಂದಳು. ಕೇಳಿಸದ ಹಾಗೆ ನಿಂತೆ. ಇವರು ಬಾಗಿಲಲ್ಲಿ ನಿಂತು ಫೋನಿನಲ್ಲಿ ಫೋಟೋ ತೆಗೆಯೋಕೆ ಶುರು ಮಾಡಿದರು.

ನನ್ನ ಪಾಳೆ ಬಂತು. ಕೂತೆ. ಒಬ್ಬ ಹುಡುಗ ಹಿಂದಿನಿಂದ ನೂಕಿದ. ಮೊದಲ ನಾಲ್ಕೈದು ಸಲ ಹೊಟ್ಟೆಯಲ್ಲಿ ಗುಳುಗುಳು. ಆಮೇಲೆ ಕಾಲು ತಾನಾಗಿಯೇ ನೆನಪು ಮಾಡಿಕೊಂಡಿತು, ಮುಂದೆ ಹೋಗುವಾಗ ಚಾಚೋದು, ಹಿಂದೆ ಬರುವಾಗ ಮಡಚೋದು. ಸೆರಗು ಹಾರಿ ಮುಖಕ್ಕೆ ಬೀಳುತ್ತಿತ್ತು. ಮಕ್ಕಳು ಎಣಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

"ಅಜ್ಜಿ, ನಿಂದ್ ಪಾಳೆ ಮುಗೀತು, ಇಳಿ."

37 ವರ್ಷ ಪಾಳೆ ಪ್ರಕಾರ ಬರ್ರಿ ಅಂದವಳು ನಾನು. ಇಳಿಯಲಿಲ್ಲ. "ನೀವು ತಪ್ಪು ಎಣಸೀರಿ, ಮೊದಲಿಂದ ಎಣಸ್ರಿ" ಅಂದೆ.